ಎದುರು ಸಾಲಿನ ಘಾಟು

ಶಿರಾಳಕೊಪ್ಪ
೧೮ ಜನವರಿ ೧೯೫೭

ಮೈದುನ ಶಿವಮೂರ್ತಪ್ಪನವರಿಗೆ ಅತ್ತಿಗೆ ನಿರ್ಮಲಮ್ಮನ ಶರಣು.

ಶಿಕಾರಿಪುರದ ಮನೆಯಲ್ಲಿ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಅವ್ವನ ಉಬ್ಬಸ ಈ ಚಳಿಗೆ ಹೇಗಿದೆ? ಮದುವೆಯಾಗಿ ಬಂದ ದಿನದಿಂದ ನಾನು ಆಕೆಯನ್ನು ಅತ್ತೆ ಎಂದು ಕರೆದವಳಲ್ಲ, ಅವ್ವ ಎಂದೇ ಕರೆದವಳು. ಹಾಗಾಗಿ ಮೊದಲು ಅದನ್ನೇ ಕೇಳುತ್ತೇನೆ.

ಈಗ ನನ್ನ ವಿಷಯ. ಖಾನಾವಳಿಯ ಹಿತ್ತಲಿಗೆ ಹೊಂದಿಕೊಂಡು ನೀವು ಹಾಕಿದ ಅಕ್ಕಿ ಮಿಲ್ಲು ಸುಗ್ಗಿಗೆ ಚೆನ್ನಾಗಿ ನಡೆಯುತ್ತಿದೆ, ಸಂತೋಷ. ಆದರೆ ಅದರ ಹೊಗೆಕೊಳವೆ ನಮ್ಮ ಹಂಚಿಗಿಂತ ಒಂದಾಳು ಎತ್ತರವೂ ಇಲ್ಲ. ಭತ್ತದ ಹೊಟ್ಟು ಉರಿದ ಮಸಿ ಮೂಡಗಾಳಿಗೆ ನೇರ ನಮ್ಮ ಪಡಸಾಲೆಗೆ ಬಂದು ಇಳಿಯುತ್ತದೆ. ಎಲೆ ಒರೆಸಿ ಹಾಕಿದರೆ ರೊಟ್ಟಿ ಬಡಿಸುವಷ್ಟರಲ್ಲಿ ಮತ್ತೆ ಕಪ್ಪು. ಮೊನ್ನೆ ಸಂತೆಯ ದಿನ ದನದ ವ್ಯಾಪಾರಿಯೊಬ್ಬ ಮೊಸರಿಗೆ ಕೈ ಹಾಕಿ ಹಾಗೇ ನಿಲ್ಲಿಸಿಬಿಟ್ಟ. "ಏನ್ರೀ ಯಮ್ಮಾ, ಮೊಸರಿಗೆ ಬೂದಿ ಒಗ್ಗರಣಿ ಕೊಟ್ಟೀರೇನು?" ಅಂದ. ಪಂಕ್ತಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಒಳಗೆ ಹೋಗಿ ಮೊಸರಿನ ಗಡಿಗೆಯನ್ನು ಪೂರ್ತಿ ಚೆಲ್ಲಿದೆ.

ನಿಮ್ಮಣ್ಣ ತೀರಿಕೊಂಡಾಗ, ಯಾರ ಮನೆ ಮೂಲೆಗೂ ಹೋಗಿ ಕೂರಬೇಡ ಎಂದು ಅವ್ವ ತನ್ನ ಪಾತ್ರೆಗಳನ್ನು ಕೊಟ್ಟು ಹೂಡಿಸಿದ ಒಲೆ ಇದು. ನಿಮ್ಮ ಮಿಲ್ಲು ನಿಲ್ಲಿಸಿ ಎಂದು ನಾನು ಕೇಳುತ್ತಿಲ್ಲ. ಕೊಳವೆಯನ್ನು ಇನ್ನೊಂದಿಷ್ಟು ಎತ್ತರಿಸಿ. ಇಷ್ಟೇ.

ನಿರ್ಮಲಮ್ಮ


ಶಿಕಾರಿಪುರ
೨ ಫೆಬ್ರವರಿ ೧೯೫೭

ಪೂಜ್ಯ ಅತ್ತಿಗೆಯವರಿಗೆ ಶಿವಮೂರ್ತಪ್ಪನ ಶರಣು ಶರಣಾರ್ಥಿ.

ಕಾಗದ ಬಂತು. ಅವ್ವ ಆರಾಮಾಗಿದ್ದಾರೆ.

ಹೊಗೆ ಏಳದ ಊರು ಉದ್ಧಾರವಾದದ್ದನ್ನು ನಾನಂತೂ ಕಂಡಿಲ್ಲ. ಹೊಗೆಯೆಂದರೆ ಏಳಿಗೆ. ನಿಮ್ಮ ಒಲೆಯಿಂದಲೂ ಹೊಗೆ ಏಳುತ್ತದೆ, ನಾನು ಯಾವತ್ತಾದರೂ ದೂರಿದ್ದೇನೆಯೇ? ಕೊಳವೆ ಎತ್ತರಿಸಿದರೆ ಮಳೆಗಾಲದ ಗಾಳಿಗೆ ನಿಲ್ಲುವುದಿಲ್ಲ ಎಂದು ಮೇಸ್ತ್ರಿ ಹೇಳುತ್ತಾನೆ. ಊಟದ ಮೇಲೆ ಬೀಳುವುದು ಭತ್ತದ್ದೇ ಮಸಿ, ವಿಷವೇನಲ್ಲ. ಅದಕ್ಕೆ ಮುಖ ಸಿಂಡರಿಸುವ ನಾಜೂಕಿನ ಗಿರಾಕಿ ಬಂದರೆಷ್ಟು, ಹೋದರೆಷ್ಟು.

ಇನ್ನೊಂದು ಮಾತು. ನಮ್ಮ ಮನೆತನದ ಹೆಂಗಸು ಬಸ್ಸಿನ ಮಂದಿಗೆ ಬಡಿಸಿಕೊಂಡು ಕೂತಿದ್ದಾಳೆ ಎಂದು ನಮ್ಮವರು ಆಡಿಕೊಳ್ಳುತ್ತಾರೆ. ನಾನು ಇಷ್ಟು ದಿನ ಕೇಳಿಸಿಕೊಂಡು ಸುಮ್ಮನಿದ್ದೆ. ನಿಮಗೆ ಕಷ್ಟವೆನಿಸಿದರೆ ಖಾನಾವಳಿ ಮುಚ್ಚಿ ಇಲ್ಲಿಗೆ ಬಂದುಬಿಡಿ. ನಮ್ಮ ಅಡುಗೆಮನೆ ದೊಡ್ಡದಿದೆ.

ನಿಮ್ಮ ಮೈದುನ
ಶಿವಮೂರ್ತಪ್ಪ


ಶಿರಾಳಕೊಪ್ಪ
೯ ಜೂನ್ ೧೯೫೭

ಸೌಭಾಗ್ಯವತಿ ಶಕುಂತಲಾಗೆ ನಿನ್ನ ಅತ್ತಿಗೆಯ ಆಶೀರ್ವಾದ.

ಆನವಟ್ಟಿಯಲ್ಲಿ ಮಳೆ ಹಿಡಿಯಿತೇ? ನಿನ್ನ ಗಂಡ ಬಿತ್ತನೆಗೆ ಇಳಿದರೇ?

ಖಾನಾವಳಿ ಮುಚ್ಚಿದೆ. ನಿನ್ನಣ್ಣ ಶಿವಮೂರ್ತಿಯ ಬಾಯಿಂದ ನಿನಗೆ ಸುದ್ದಿ ಮುಟ್ಟುವ ಮೊದಲು ನಾನೇ ಬರೆಯಬೇಕೆಂದು ಬರೆದೆ.

ಗಿರಾಕಿ ಜಗಳವಾಡಿ ಹೋಗುವುದಿಲ್ಲ ಶಕುಂತಲಾ. ಜಗಳವಾಡಿದ್ದರೆ ನಾನೂ ಆಡಿ ಗೆಲ್ಲುತ್ತಿದ್ದೆ. ಮೊದಲು ಬಸ್ಸಿನ ಡ್ರೈವರುಗಳು ಊಟ ಕಟ್ಟಿಸಿಕೊಂಡು ಹೋಗತೊಡಗಿದರು, ಆಮೇಲೆ ಕಟ್ಟಿಸಿಕೊಳ್ಳುವುದನ್ನೂ ಬಿಟ್ಟರು. ಶಾಲೆಯ ಮೇಷ್ಟರು ಹೊಟ್ಟೆ ಸರಿಯಿಲ್ಲ ಎಂದರು. ಅವರು ಬೇರೆ ಕಡೆ ಉಣ್ಣುತ್ತಿರುವುದನ್ನು ನಾನೇ ಕಂಡೆ. ಅವರು ನನ್ನನ್ನು ನೋಡಿ ತಲೆ ಬಗ್ಗಿಸಿದರು. ಕೊನೆಗೆ ಸಂತೆಯ ದಿನವೂ ಪಂಕ್ತಿ ತುಂಬಲಿಲ್ಲ. ಮಸಿ ತಡೆಯಲು ಬಾಗಿಲಿಗೆ ಬಿದಿರಿನ ತಟ್ಟಿ ಕಟ್ಟಿದೆ. ಒದ್ದೆ ಗೋಣಿ ಇಳಿಬಿಟ್ಟೆ. ಒಳಗೆ ಕತ್ತಲೆಯಾಯಿತು, ಮಸಿ ಮಾತ್ರ ಬರುವುದು ಬಿಡಲಿಲ್ಲ.

ಪಕ್ಕದ ಟೈಲರ್ ಜಟ್ಟಪ್ಪನದೂ ಇದೇ ಪಾಡು. ಬಿಳಿ ಬಟ್ಟೆ ಹೊಲಿಯಲು ಕೊಟ್ಟರೆ ಬೂದು ಬಣ್ಣದ್ದು ವಾಪಸು ಬರುತ್ತದೆ ಎಂದು ಜನ ಮದುವೆ ಬಟ್ಟೆಯನ್ನೆಲ್ಲ ಬೇರೆ ಕಡೆ ಕೊಟ್ಟರು. ಅವನು ಮಿಲ್ಲಿಗೆ ಹೋಗಿ ನಿನ್ನಣ್ಣನ ಕಾಲು ಹಿಡಿದು ಬಂದ. ನಾನು ಹಿಡಿಯಲಿಲ್ಲ.

ಬೀದಿಯ ಎದುರು ಸಾಲಿನಲ್ಲಿ ನಿಮ್ಮ ದೊಡ್ಡಣ್ಣ ನನಗಾಗಿ ಬಿಟ್ಟುಹೋದ ಗಾಡಿ ಕೊಟ್ಟಿಗೆ ಇದೆಯಲ್ಲ, ಸದ್ಯ ಅಲ್ಲಿ ವಾಸ. ಶಿಕಾರಿಪುರದ ದೊಡ್ಡ ಅಡುಗೆಮನೆಗೆ ನಾನು ಹೋಗುವುದಿಲ್ಲ. ಅವ್ವನಿಗೆ ಮಾತ್ರ ಹೇಳು, ಅವರ ಪಾತ್ರೆಗಳನ್ನು ತೊಳೆದು ಬೋರಲು ಹಾಕಿ ಇಟ್ಟಿದ್ದೇನೆ.

ನಿನ್ನ ಅತ್ತಿಗೆ
ನಿರ್ಮಲಮ್ಮ


ಶಿರಾಳಕೊಪ್ಪ
೨೮ ಅಕ್ಟೋಬರ್ ೧೯೫೭

ಶಕುಂತಲಾ,

ನಿನ್ನಣ್ಣ ಹೋಟೆಲು ತೆರೆದಿದ್ದಾನೆ. ಎಲ್ಲಿ ಎಂದು ಕೇಳು. ನನ್ನ ಖಾನಾವಳಿ ಇದ್ದ ಅದೇ ಮನೆಯಲ್ಲಿ. ಮಾಲೀಕರಿಂದ ಬಾಡಿಗೆಗೆ ಹಿಡಿದು, ಸುಣ್ಣ ಬಳಿಸಿ, ಮೇಜು ಬೆಂಚು ಹಾಕಿಸಿದ್ದಾನೆ. ಗಾಜಿನ ಕಪಾಟಿನಲ್ಲಿ ಮೈಸೂರುಪಾಕು. ಮನೆತನದ ಹೆಂಗಸು ಬಸ್ಸಿನ ಮಂದಿಗೆ ಬಡಿಸಿದರೆ ಮಾನ ಹೋಗುತ್ತಿತ್ತು. ಮನೆತನದ ಗಂಡಸು ದುಡ್ಡಿನ ಗಲ್ಲದ ಮೇಲೆ ಕೂತರೆ ಹೋಗುವುದಿಲ್ಲ.

ಅದನ್ನೂ ನುಂಗಿಕೊಳ್ಳುತ್ತಿದ್ದೆ. ಆದರೆ ಇದನ್ನು ಕೇಳು. ಹೋಟೆಲಿನ ಪೂಜೆಗೆ ಮುಂಚೆ ಮೇಸ್ತ್ರಿ ಬಂದ. ಇಟ್ಟಿಗೆ ಬಂತು. ಮಿಲ್ಲಿನ ಕೊಳವೆ ಈಗ ತೆಂಗಿನ ಮರದಷ್ಟು ಎತ್ತರವಾಗಿದೆ. ಹೊಗೆ ಎಲ್ಲೋ ಮೇಲೆ ಹೋಗುತ್ತದೆ. ಒಂದು ಚೂರು ಮಸಿಯೂ ಅವನ ಮೇಜಿನ ಮೇಲೆ ಬೀಳುವುದಿಲ್ಲ. ಮಳೆಗಾಲದ ಗಾಳಿಗೆ ನಿಲ್ಲುವುದಿಲ್ಲ ಎಂದಿದ್ದ ಕೊಳವೆ!

ನಾನು ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಮೇಸ್ತ್ರಿ ಕೊನೆಯ ಇಟ್ಟಿಗೆ ಇಡುವುದನ್ನು ನೋಡಿದೆ. ಅತ್ತಿಲ್ಲ. ನಿನ್ನಣ್ಣ ಕೆಳಗೆ ನಿಂತು ಬಿಸಿಲಿಗೆ ಕೈ ಅಡ್ಡ ಹಿಡಿದು ಮೇಲೆ ನೋಡುತ್ತಿದ್ದ. ನನ್ನನ್ನು ಕಂಡು ಕೈ ಮುಗಿದ. ನಾನೂ ಮುಗಿದೆ. ಆ ಹೊತ್ತಿನಲ್ಲೇ ನಿರ್ಧಾರ ಮಾಡಿದೆ. ನನ್ನ ಗಿರಾಕಿಗಳು ಹೇಗೆ ಎದ್ದುಹೋದರೋ ಹಾಗೇ ಅವನ ಗಿರಾಕಿಗಳು ಅನ್ನದ ಮುಂದಿನಿಂದ ಎದ್ದುಹೋಗಬೇಕು, ಅವನು ಗಲ್ಲದ ಮೇಲೆ ಕೂತು ಅದನ್ನು ನೋಡಬೇಕು.

ನಿರ್ಮಲಮ್ಮ


ಆನವಟ್ಟಿ
೨೦ ನವೆಂಬರ್ ೧೯೫೭

ಪ್ರೀತಿಯ ಅತ್ತಿಗೆಗೆ ಶಕುಂತಲೆಯ ಶರಣು.

ನಿಮ್ಮ ಕಾಗದ ಓದಿ ಒಲೆಗೆ ಹಾಕಿದೆ. ನಮ್ಮ ಯಜಮಾನರು ಈ ಸಲದ ಭತ್ತವನ್ನೂ ಅಣ್ಣನ ಮಿಲ್ಲಿಗೇ ಹಾಕುವವರು. ನಾನು ಯಾರ ಕಡೆ ಮಾತಾಡಲಿ?

ಅಣ್ಣ ಮಾಡಿದ್ದು ತಪ್ಪು. ಶಿಕಾರಿಪುರಕ್ಕೆ ಹೋದಾಗ ನಾನು ಅವನಿಗೆ ಹೇಳಿದೆ. "ವ್ಯಾಪಾರದಾಗ ಅಕ್ಕ ತಂಗಿ ಅಂತ ಇರಂಗಿಲ್ಲ, ನಿನಗ ತಿಳಿಯಂಗಿಲ್ಲ ಬಿಡು" ಅಂದ. ಅವ್ವ ಪಕ್ಕದಲ್ಲೇ ಕೂತಿದ್ದಳು. ಆಮೇಲೆ ಎದ್ದುಹೋಗಿ ಅವನು ತಂದಿದ್ದ ಮೈಸೂರುಪಾಕನ್ನು ದನದ ಮುಂದೆ ಸುರಿದು ಬಂದಳು.

ಅತ್ತಿಗೆ, ನೀವು ಇಲ್ಲಿಗೆ ಬಂದುಬಿಡಿ. ಆನವಟ್ಟಿ ಸಂತೆಗೂ ಜನ ಬರುತ್ತಾರೆ, ಒಲೆ ಹೂಡಲು ಜಾಗ ನಾನು ನೋಡುತ್ತೇನೆ. ಹಟ ಬಿಡಿ.

ನಿಮ್ಮ
ಶಕುಂತಲಾ


ಶಿರಾಳಕೊಪ್ಪ
೬ ಏಪ್ರಿಲ್ ೧೯೫೮

ಚಿ. ಶಕುಂತಲಾಗೆ ಆಶೀರ್ವಾದ.

ಇಷ್ಟು ತಿಂಗಳು ಬರೆಯಲಿಲ್ಲ. ಗಾಳಿ ತಿರುಗುವುದನ್ನು ಕಾಯುತ್ತಿದ್ದೆ.

ಚಳಿಗಾಲದ ಮೂಡಗಾಳಿ ಮಿಲ್ಲಿನ ಕಡೆಯಿಂದ ನನ್ನ ಕಡೆಗೆ ಬರುತ್ತದೆ. ಬೇಸಿಗೆ ಬಲಿತ ಮೇಲೆ ಪಡುವಣ ಗಾಳಿ ನನ್ನ ಕೊಟ್ಟಿಗೆಯಿಂದ ಎದ್ದು, ಬೀದಿ ದಾಟಿ, ಅವನ ಹೋಟೆಲಿನ ಬಾಗಿಲಿಗೆ ಹೋಗುತ್ತದೆ. ಅಷ್ಟರೊಳಗೆ ಒಣಮೆಣಸಿನಕಾಯಿ ಚೀಲಗಳನ್ನು ತರಿಸಿದೆ. ಒರಳು ಹೂಳಿಸಿದೆ. ಖಾರದ ಪುಡಿ ಕುಟ್ಟಲು ಲೋಕಮ್ಮ ಮತ್ತು ಇನ್ನಿಬ್ಬರು ಹೆಂಗಸರನ್ನು ಗೊತ್ತು ಮಾಡಿದೆ. ಹುರಿಯುವುದು ಮಾತ್ರ ನಾನೇ. ಅದನ್ನು ಬೇರೆಯವರ ಕೈಗೆ ಕೊಡುವುದಿಲ್ಲ.

ಹೋದ ಸಂತೆಯ ದಿನ ಮಧ್ಯಾಹ್ನ ಅವನ ಬೆಂಚುಗಳೆಲ್ಲ ತುಂಬಿ ಜನ ನಿಂತಿದ್ದರು. ಅನ್ನ ಬಡಿಸುವವರೆಗೂ ಸುಮ್ಮನಿದ್ದೆ. ಆಮೇಲೆ ದೊಡ್ಡ ಬಾಣಲೆ ಇಟ್ಟು, ಎಣ್ಣೆ ಸವರಿ, ಮೆಣಸಿನಕಾಯಿ ಸುರಿದೆ. ಘಾಟು ಎದ್ದಿತು ನೋಡು! ಮೊದಲು ಬಾಗಿಲ ಹತ್ತಿರದವನು ಸೀನಿದ. ಆಮೇಲೆ ಒಂದು ಬೆಂಚು ಪೂರ್ತಿ. ಆಮೇಲೆ ಒಳಗಿನಿಂದ ಕೆಮ್ಮು ಸಂತೆಯ ಗದ್ದಲಕ್ಕಿಂತ ಜೋರಾಗಿ ಕೇಳಿಸಿತು. ಜನ ಎಂಜಲ ಕೈಯಲ್ಲೇ ಕಣ್ಣು ಉಜ್ಜಿಕೊಳ್ಳುತ್ತ ಬೀದಿಗೆ ಓಡಿಬಂದರು. ಒಬ್ಬ ಕೂಗಿದ: "ಯವ್ವಾ, ಉಣ್ಣಾಕ ಕೂತೀವೋ ದೆವ್ವ ಬಿಡಿಸ್ಕೊಳ್ಳಾಕ ಕೂತೀವೋ!"

ನಿನ್ನಣ್ಣ ಗಲ್ಲದಿಂದ ಎದ್ದು ಬಾಗಿಲಿಗೆ ಬಂದ. ಕಣ್ಣಿನಲ್ಲಿ ನೀರು ಸುರಿಯುತ್ತಿತ್ತು. ಅದು ಮೆಣಸಿನಕಾಯಿಯ ನೀರೇ ಆಗಿರಬಹುದು. ನನಗೆ ಅಷ್ಟೇ ಸಾಕು. ಎಷ್ಟೋ ದಿನದ ಮೇಲೆ ಅವತ್ತು ಎರಡು ರೊಟ್ಟಿ ಹೆಚ್ಚು ಉಂಡೆ.

ಇನ್ನು ದಿನಾ ಊಟದ ಹೊತ್ತಿಗೆ ಹುರಿಯುತ್ತೇನೆ.

ನಿರ್ಮಲಮ್ಮ


ಶಿಕಾರಿಪುರ
೧೪ ಏಪ್ರಿಲ್ ೧೯೫೮

ಅತ್ತಿಗೆಯವರಿಗೆ ಶರಣು.

ನೀವು ಮಾಡುತ್ತಿರುವುದು ನ್ಯಾಯವಲ್ಲ. ಮೆಣಸಿನಕಾಯಿಯನ್ನು ಬೆಳಗಿನಲ್ಲಿ ಹುರಿಯಬಹುದು. ಊರಾಚೆ ಹುರಿಯಬಹುದು. ಬಸ್ಸಿನಿಂದ ಇಳಿದವರು ಮೂಗು ಮುಚ್ಚಿಕೊಂಡು ಮತ್ತೆ ಬಸ್ಸು ಹತ್ತುತ್ತಿದ್ದಾರೆ. ಅಡುಗೆಯವನು ಬಿಟ್ಟುಹೋಗುತ್ತೇನೆ ಎನ್ನುತ್ತಾನೆ. ನೀವು ನಮ್ಮ ಮನೆಯವರೇ ಎಂಬ ಕಾರಣಕ್ಕೆ ಪಂಚಾಯ್ತಿಗೆ ಹೋಗಿಲ್ಲ.

ಶಿವಮೂರ್ತಪ್ಪ


ಶಿರಾಳಕೊಪ್ಪ
೧೬ ಏಪ್ರಿಲ್ ೧೯೫೮

ಮೈದುನ ಶಿವಮೂರ್ತಪ್ಪನವರಿಗೆ,

ಪಂಚಾಯ್ತಿಗೆ ಧಾರಾಳವಾಗಿ ಹೋಗಿ. ಕೊಳವೆಯ ಕಥೆಯನ್ನು ನಾನೂ ಅಲ್ಲಿಯೇ ಹೇಳುತ್ತೇನೆ.

ಊಟದ ಮೇಲೆ ಬೀಳುವುದು ಮೆಣಸಿನಕಾಯಿಯದೇ ಘಾಟು, ವಿಷವೇನಲ್ಲ. ಅದಕ್ಕೆ ಮುಖ ಸಿಂಡರಿಸುವ ನಾಜೂಕಿನ ಗಿರಾಕಿ ಬಂದರೆಷ್ಟು, ಹೋದರೆಷ್ಟು.

ನಿರ್ಮಲಮ್ಮ


ಶಿರಾಳಕೊಪ್ಪ
೨ ಮೇ ೧೯೫೮

ಅತ್ತಿಗೆಯವರಿಗೆ,

ಇದನ್ನು ಎದುರು ಸಾಲಿನಿಂದಲೇ ಬರೆಯುತ್ತಿದ್ದೇನೆ. ವ್ಯಾಪಾರ ನೋಡಿಕೊಳ್ಳಲು ಇಲ್ಲೇ ಉಳಿಯುವುದೆಂದು ತೀರ್ಮಾನಿಸಿದೆ. ಹೋಟೆಲಿನ ಮೇಲಿನ ಅಟ್ಟವನ್ನು ಕೋಣೆ ಮಾಡಿಸಿ ಅವ್ವನನ್ನೂ ಕರೆತಂದಿದ್ದೇನೆ. ಆಕೆಯ ಹಾಸಿಗೆ ಬೀದಿಯ ಕಡೆಯ ಕಿಟಕಿಯ ಹತ್ತಿರ ಇದೆ. ನಿಮಗೆ ಕಾಣುತ್ತದೆ.

ಆಕೆಯ ಉಬ್ಬಸದ ವಿಷಯ ನಿಮಗೆ ಹೇಳಬೇಕಾಗಿಲ್ಲ. ಬಾಣಲೆ ಇಡುವ ಮುಂಚೆ ಒಮ್ಮೆ ಮೇಲೆ ನೋಡಿ. ನಿಮ್ಮ ಕೈ ಹೇಗೆ ಏಳುತ್ತದೋ ನಾನೂ ನೋಡುತ್ತೇನೆ.

ಶಿವಮೂರ್ತಪ್ಪ


ಶಿರಾಳಕೊಪ್ಪ
೨೫ ಮೇ ೧೯೫೮

ಶಕುಂತಲಾ,

ಈ ಕಾಗದವನ್ನು ಅವ್ವನ ಕೈಯಲ್ಲೇ ಕೊಟ್ಟು ಬಸ್ಸು ಹತ್ತಿಸುತ್ತಿದ್ದೇನೆ. ಜೊತೆಗೆ ಲೋಕಮ್ಮ ಬರುತ್ತಾಳೆ. ಇಳಿದ ಕೂಡಲೇ ಬೆಚ್ಚಗೆ ಮಲಗಿಸು. ಮಾತಾಡಿಸಬೇಡ, ಮಾತಾಡಿದರೆ ದಮ್ಮು ಹೆಚ್ಚುತ್ತದೆ. ಏನಾಯಿತೆಂದು ನಾನೇ ಹೇಳುತ್ತೇನೆ.

ನಿನ್ನಣ್ಣ ಅವ್ವನನ್ನು ತಂದು ಕಿಟಕಿಯಲ್ಲಿ ಕೂರಿಸಿದ ದಿನದಿಂದ ನಾನು ಹುರಿಯುವುದನ್ನು ನಿಲ್ಲಿಸಿದ್ದೆ. ಒರಳು ಸುಮ್ಮನೆ ಬಿದ್ದಿತ್ತು. ಹೋಟೆಲು ಮತ್ತೆ ತುಂಬಿತು. ಅವನು ಗಲ್ಲದ ಮೇಲೆ ಕೂತು ನನ್ನ ಕಡೆ ನೋಡಿ ವೀಳ್ಯ ಹಾಕಿಕೊಳ್ಳುತ್ತಿದ್ದ. ಒಂದು ದಿನ ಬಾಣಲೆ ಒಲೆಗೆ ಇಟ್ಟೆ ಕೂಡ. ಮೇಲೆ ನೋಡಿದೆ. ಅವ್ವ ಕಿಟಕಿಯ ಸರಳು ಹಿಡಿದು ಕೂತಿದ್ದಳು. ಬಾಣಲೆ ಇಳಿಸಿದೆ. ನನ್ನ ಹೊಟ್ಟೆಯೊಳಗಿನ ಉರಿಯನ್ನು ಇಳಿಸಲಾಗಲಿಲ್ಲ.

ನಿನ್ನೆ ಸಂತೆ. ಮಧ್ಯಾಹ್ನ ಪಂಕ್ತಿ ಕೂತಿತ್ತು. ಅವ್ವ ಅಟ್ಟದ ಮೆಟ್ಟಿಲು ಇಳಿದು, ಗೋಡೆ ಹಿಡಿದುಕೊಂಡು, ಹೋಟೆಲಿನ ಮಂದಿಯ ನಡುವೆಯೇ ಹಾದು, ಬೀದಿ ದಾಟಿ ಕೊಟ್ಟಿಗೆಗೆ ಬಂದಳು. ನಾನು ಓಡಿಹೋಗಿ ಹಿಡಿದುಕೊಂಡೆ.

"ಯಾಕ ನಿಲ್ಲಿಸೀದಿ?" ಅಂದಳು.

"ನೀವು ಅದೀರಲ್ಲವ್ವಾ."

"ನನ್ನ ಉಸಿರನ್ನ ಅವ ಗ್ವಾಡಿ ಮಾಡ್ಕೊಂಡಾನ. ಹಡೆದಾಕಿ ನಾನು. ಆ ಗ್ವಾಡಿ ನಾನೇ ಕೆಡವ್ತೀನಿ, ಸರಿ ಅತ್ತಾಗ."

ನಾನು ಬೇಡವೆಂದೆ. ಕಾಲು ಹಿಡಿದೆ. ಆಕೆ ಕೇಳಲಿಲ್ಲ. ತಾನೇ ಚೀಲಕ್ಕೆ ಕೈ ಹಾಕಿ ಬಾಣಲೆ ತುಂಬ ಮೆಣಸಿನಕಾಯಿ ಸುರಿದಳು. ನಾನು ಒಲೆಯ ಕೊಳ್ಳಿ ಎಳೆಯಲು ಹೋದರೆ ಸೌಟಿನಿಂದ ಕೈ ಮೇಲೆ ಹೊಡೆದಳು. ಘಾಟು ಎದ್ದಿತು. ಎರಡು ಸಲ ಕೈಯಾಡಿಸಿದಳು, ಮೂರನೆಯ ಸಲಕ್ಕೆ ಉಸಿರು ಸಿಕ್ಕಿಕೊಂಡು ಕುಸಿದಳು. ನಾನು ಎತ್ತಿಕೊಂಡು ಹಿತ್ತಲಿಗೆ ಓಡಿದೆ. ಬೀದಿಯಲ್ಲಿ ಜನ ಕೆಮ್ಮುತ್ತ ಎದ್ದು ಬರುತ್ತಿದ್ದರು. ನಿನ್ನಣ್ಣ "ಅವ್ವಾ" ಎಂದು ಓಡಿಬಂದ. ಆಕೆಗೆ ಇನ್ನೂ ಮಾತು ಬಂದಿರಲಿಲ್ಲ. ಕೈ ಎತ್ತಿ, ಅಲ್ಲೇ ನಿಲ್ಲು ಎಂದು ತೋರಿಸಿದಳು. ಅವನು ಸಂತೆಯ ಮಂದಿಯೆಲ್ಲ ನೋಡುವಂತೆ ಅಲ್ಲೇ ನಿಂತ.

ಇದನ್ನು ಬರೆಯುವಾಗ ನನಗೆ ಖುಷಿಯೋ ಭಯವೋ ಗೊತ್ತಾಗುತ್ತಿಲ್ಲ. ಎರಡೂ ಇವೆ. ಅವ್ವನನ್ನು ಉಳಿಸು.

ನಿರ್ಮಲಮ್ಮ


ಶಿರಾಳಕೊಪ್ಪ
೩೦ ಆಗಸ್ಟ್ ೧೯೫೮

ಅತ್ತಿಗೆಯವರಿಗೆ,

ಹೋಟೆಲು ಮುಚ್ಚಿದೆ. ಮೇಜು ಬೆಂಚುಗಳನ್ನು ಕೊಟ್ಟುಬಿಟ್ಟೆ. ನಿಮಗೆ ಎದುರಿನಿಂದಲೇ ಕಾಣುತ್ತಿತ್ತು. ಆದರೂ ಬರೆದು ತಿಳಿಸಬೇಕೆನಿಸಿತು.

ಅವ್ವ ಹೋದ ಮೇಲೆ ನಿಮ್ಮ ಬಾಣಲೆ ಮತ್ತೆ ಒಲೆಗೆ ಏರಿತು, ಬಸ್ಸುಗಳು ಈ ಬೀದಿಯಲ್ಲಿ ನಿಲ್ಲುವುದನ್ನು ಬಿಟ್ಟವು. ಊರ ಆ ತುದಿಯಲ್ಲಿ ನಿಲ್ಲುತ್ತವೆ. ಪ್ರಯಾಣಿಕರೇ ಕೇಳಿಕೊಂಡರಂತೆ. ಅಲ್ಲಿ ಹೊಸದಾಗಿ ಚಹದಂಗಡಿ, ಹೂವಿನಂಗಡಿ, ಬಟ್ಟೆಯಂಗಡಿ ಆಗಿವೆ. ಜಟ್ಟಪ್ಪ ಮೊನ್ನೆ ಮೆಷಿನು ಹೊತ್ತುಕೊಂಡು ಅಲ್ಲಿಗೇ ಹೋದ. ಹೋಗುವಾಗ ನನಗೆ ಹೇಳಿದ್ದನ್ನು ನಿಮಗೂ ಹೇಳುತ್ತೇನೆ. "ನಿಮ್ಮ ಮಸಿ ಬಿದ್ದಾಗ ಬಿಳಿ ಬಟ್ಟಿ ಹೋತು. ಆಯಮ್ಮನ ಘಾಟು ಬಂದ ಮ್ಯಾಲ ಅಳತಿ ಕೊಡಾಕೂ ಯಾರೂ ನಿಲ್ಲವಲ್ರು. ನಿಮ್ಮಿಬ್ಬರ ನಡುವ ನಾ ಏನ್ ತಪ್ಪು ಮಾಡಿದ್ದೆ ಹೇಳ್ರಿ?"

ನಿಮ್ಮಲ್ಲಿ ಉತ್ತರವಿದ್ದರೆ ಅವನಿಗೆ ಹೇಳಿ.

ಅವ್ವ ಆನವಟ್ಟಿಯಲ್ಲಿ ಎದ್ದು ಕೂರುತ್ತಾಳೆ. ನಾನು ಹೋದರೆ ಮೊದಲು ಮುಖ ತಿರುಗಿಸುತ್ತಿದ್ದಳು. ಈಗ ಗಂಜಿ ಕುಡಿಸಲು ಬಿಡುತ್ತಾಳೆ. ಮಿಲ್ಲನ್ನು ಮಗನಿಗೆ ವಹಿಸಿ, ವಾರದಲ್ಲಿ ಬಹಳ ದಿನ ಅಲ್ಲೇ ಇರುತ್ತೇನೆ.

ಶಿವಮೂರ್ತಪ್ಪ


ಶಿರಾಳಕೊಪ್ಪ
೧೨ ನವೆಂಬರ್ ೧೯೫೮

ಚಿ. ಶಕುಂತಲಾಗೆ ಆಶೀರ್ವಾದ.

ನಾನು ಮೊನ್ನೆ ಆನವಟ್ಟಿಗೆ ಬಂದಿದ್ದೆ. ನೀನು ಗಂಡನ ಜೊತೆ ಸೊರಬಕ್ಕೆ ಹೋಗಿದ್ದೆಯಂತೆ. ಯಾರೂ ನಿನಗೆ ಹೇಳಿರಲಿಕ್ಕಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಮಳೆ ಮುಗಿಯಲಿ, ರಸ್ತೆ ಒಣಗಲಿ ಎಂದು ಇಷ್ಟು ದಿನ ಕಾದೆ. ನಿಜ ಹೇಳಬೇಕೆಂದರೆ ಅವ್ವನ ಮುಂದೆ ನಿಂತು ಗೆದ್ದೆ ಎಂದು ಹೇಳುವ ಆಸೆ ಇತ್ತು. ನನ್ನ ಖಾರದ ಪುಡಿಗೆ ದಾವಣಗೆರೆಯವರೆಗೂ ಗಿರಾಕಿ ಆಗಿದ್ದಾರೆ. ಲೋಕಮ್ಮ ಎದೆನೋವೆಂದು ಬಿಟ್ಟುಹೋದಳು, ಬೇರೆಯವರು ಸಿಕ್ಕರು. ಇದನ್ನೆಲ್ಲ ಹೇಳಬೇಕೆಂದುಕೊಂಡಿದ್ದೆ. ತಲೆಗೆ ಸೀಗೆಕಾಯಿ ಹಾಕಿ ಎರೆದುಕೊಂಡು, ಪೆಟ್ಟಿಗೆಯೊಳಗಿನ ಇಳಕಲ್ಲು ಸೀರೆ ಉಟ್ಟು ಬಂದೆ.

ನಿನ್ನ ಮನೆಯ ಬಾಗಿಲು ತೆರೆದಿತ್ತು. ಅವ್ವ ಪಡಸಾಲೆಯಲ್ಲಿ ಒರಗಿ ಕೂತಿದ್ದಳು. ಪಕ್ಕದಲ್ಲಿ ಶಿವಮೂರ್ತಿ ಆಕೆಯ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದ. ನನ್ನನ್ನು ಕಂಡು ಅವ್ವನ ಮುಖ ಹೇಗೆ ಅರಳಿತೆಂದು ನೀನು ನೋಡಬೇಕಿತ್ತು. "ನಿಮ್ಮಿ ಬಂದ್ಲು, ಬಾ ನನ್ನವ್ವಾ" ಎಂದು ಎರಡೂ ಕೈ ಚಾಚಿದಳು. ನಾನು ಹೊಸಿಲು ದಾಟಿ ಹತ್ತಿರ ಹೋದೆ. ಆಕೆಯ ಕೈ ನನ್ನ ಸೆರಗಿಗೆ ತಾಗುವಷ್ಟರಲ್ಲಿ ಕೆಮ್ಮು ಹಿಡಿಯಿತು. ಎಂಥ ಕೆಮ್ಮು ಶಕುಂತಲಾ! ಕಣ್ಣುಗುಡ್ಡೆ ಹೊರಗೆ ಬಂದವು. ನೀರು ಕೊಡಲು ಬಗ್ಗಿದರೆ ಇನ್ನೂ ಹೆಚ್ಚಾಯಿತು.

ಘಾಟು ನನ್ನ ಸೀರೆಯಲ್ಲಿ ಇದೆ. ಕೂದಲಿನಲ್ಲಿ ಇದೆ. ಉಗುರಿನ ಸಂದಿಯಲ್ಲಿ ಇದೆ. ನನಗೆ ವಾಸನೆಯೇ ಗೊತ್ತಾಗುವುದಿಲ್ಲ. ಹಿಂದೆ ಸರಿದು ಅಂಗಳಕ್ಕೆ ಇಳಿದು ನಿಂತೆ.

ಸ್ವಲ್ಪ ಸುಧಾರಿಸಿಕೊಂಡು ಅವ್ವ ಒಳಗಿನಿಂದ ಕೇಳಿದಳು. "ಹೋಟ್ಲು ಮುಚ್ಚಿಸಿದ್ಯಂತಲ್ಲ?"

"ಮುಚ್ಚಿಸಿದೆ ಅವ್ವಾ."

"ಚಲೋ ಆತು" ಅಂದಳು, ಮಗನ ಎದುರಿಗೇ. ಅವನು ತಲೆ ಎತ್ತಲಿಲ್ಲ. ಮತ್ತೆ ಕೆಮ್ಮು.

ಆಗ ಶಿವಮೂರ್ತಿ ಕೈ ಒರೆಸಿಕೊಂಡು ಎದ್ದು ಬಾಗಿಲಿಗೆ ಬಂದ. ಜಗಳಕ್ಕೆ ಬಂದನೆಂದು ನಾನು ಸೆರಗು ಬಿಗಿದು ನಿಂತೆ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. "ಅತ್ತಿಗೆ, ಗಾಳಿ ನಿಮ್ಮ ಕಡಿಂದ ಬೀಸಾಕತ್ತೈತ್ರಿ" ಎಂದು ಮೆಲ್ಲಗೆ ಹೇಳಿ ಬಾಗಿಲು ಹಾಕಿದ. ಬಾಗಿಲು ಮುಚ್ಚಿಕೊಳ್ಳುವಾಗ ಅವನ ತುಟಿಯಂಚಿನಲ್ಲಿ ಒಂದು ಸಣ್ಣ ನಗೆ ಇತ್ತು. ಇತ್ತು, ನಾನು ಕಂಡೆ. ಅದನ್ನು ಸಾಯುವವರೆಗೂ ಮರೆಯುವುದಿಲ್ಲ, ಕ್ಷಮಿಸುವುದೂ ಇಲ್ಲ.

ಬಾಗಿಲು ಬಡಿಯಬೇಕೆಂದು ಕೈ ಎತ್ತಿದೆ. ಒಳಗೆ ಅವ್ವನ ಕೆಮ್ಮು ನಿಧಾನವಾಗಿ ಕಡಿಮೆಯಾಗುತ್ತಿತ್ತು. ಆಮೇಲೆ ನಿಂತೇಹೋಯಿತು. ಅಂಗಳದಲ್ಲಿ ನಿಂತು ಅದನ್ನು ಪೂರ್ತಿ ಕೇಳಿಸಿಕೊಂಡು, ಎತ್ತಿದ ಕೈ ಇಳಿಸಿ, ಬಸ್ಸಿಗೆ ನಡೆದೆ.

ಈ ಕಾಗದವನ್ನು ಕೊಟ್ಟಿಗೆಯಲ್ಲೇ ಕೂತು ಬರೆದದ್ದು. ನೇರ ಅವ್ವನ ಹತ್ತಿರ ಒಯ್ಯಬೇಡ. ಒಂದು ದಿನ ಬಿಸಿಲಿಗೆ ಇಟ್ಟು, ಆಮೇಲೆ ದೂರ ಕೂತು ಓದಿ ಹೇಳು.

ನಿನ್ನ ಅತ್ತಿಗೆ
ನಿರ್ಮಲಮ್ಮ